ತಮಟೆ ಇಲ್ಲದ ನಾಟಕ

ಒಂದು ಕಡೆ ಸುಮ್ಮನೆ ಕೂತು ನನಗೆ ಅಭ್ಯಾಸವಿರಲಿಲ್ಲ. ಮನೆಯಲ್ಲಿ ನಾವು ಮಾತಾಡುತ್ತಿದ್ದದ್ದು ತೆಲುಗು. "ಕಾಸೇಪು ಊರಿಕೇ ಕೂಚೋವೇ ತಲ್ಲೀ" ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಬೇಡಿಕೊಳ್ಳುತ್ತಿದ್ದಳು, ಸ್ವಲ್ಪ ಹೊತ್ತು ಸುಮ್ಮನೆ ಕೂರಮ್ಮ ತಾಯಿ ಎಂದು. ಹುಳುಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹರಡುವಾಗಲೂ ನನ್ನ ಕಿವಿ ರಸ್ತೆಯ ಮೇಲೆಯೇ. ಕೆಂಚಾರ್ಲಹಳ್ಳಿ ಕಡೆಯಿಂದ ಬರುವ ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಕೈಯಲ್ಲಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಓಡುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಚಿಂತಾಮಣಿಯ ಕಾಲೇಜಿನಲ್ಲಿ ಎರಡನೇ ವರ್ಷದ ಬಿಎ ಓದುತ್ತಿದ್ದೆ. ಏನೋ ಆಗಬೇಕು, ಈ ವರ್ಷವೇ ಆಗಬೇಕು ಅನ್ನಿಸುತ್ತಿತ್ತು. ಏನು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಅದೇ ಕಾಲೇಜಿನಲ್ಲಿ ನಮ್ಮೂರಿನವನೊಬ್ಬ ಓದುತ್ತಿದ್ದ. ಊರಾಚೆಯ ಕಾಲೋನಿಯ ಹುಡುಗ, ನನಗಿಂತ ಒಂದು ವರ್ಷ ಮುಂದೆ. ಊರಲ್ಲಿ ಯಾರಾದರೂ ಸತ್ತರೆ ಹೆಣದ ಮುಂದೆ ತಮಟೆ ಬಾರಿಸಿಕೊಂಡು ಹೋಗುತ್ತಿದ್ದದ್ದು ಅವನ ಅಪ್ಪ. ನಮ್ಮ ತಾತ ತೀರಿಕೊಂಡಾಗಲೂ ಅವನೇ ಬಾರಿಸಿದ್ದ. ಮಗ ಚಿಂತಾಮಣಿಯಲ್ಲಿ ಹಾಸ್ಟೆಲಿನಲ್ಲಿದ್ದು ಶನಿವಾರ ಊರಿಗೆ ಬರುತ್ತಿದ್ದ. ಆಗೆಲ್ಲ ನಾವಿಬ್ಬರೂ ಒಂದೇ ಬಸ್ಸಿನಲ್ಲಿದ್ದರೂ ಮಾತಿಲ್ಲ. ಊರಲ್ಲಿ ಎದುರಾದರೆ ಅವನು ನೆಲ ನೋಡಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದ. ಕಾಲೇಜಿನಲ್ಲಿ ಅದೇ ಹುಡುಗ ತಲೆಯೆತ್ತಿ ನಡೆಯುತ್ತಿದ್ದ, ಇಂಗ್ಲಿಷ್ ಮೇಷ್ಟ್ರ ಉಚ್ಚಾರಣೆಯ ತಪ್ಪನ್ನು ಎದ್ದು ನಿಂತು ಕೇಳುತ್ತಿದ್ದ. ಸೋಮವಾರ ಬೆಳಗಿನ ಬಸ್ಸು ಊರಿನ ಕೆರೆ ಏರಿ ದಾಟಿದ ಮೇಲೆ ಅವನ ಕತ್ತು ನೆಟ್ಟಗಾಗುವುದನ್ನು ನಾನು ಮುಂದಿನ ಸೀಟಿನಿಂದ ತಿರುಗಿ ನೋಡಿದ್ದೇನೆ.

ಆ ವರ್ಷ ಹೊಸದಾಗಿ ಬಂದ ಕನ್ನಡ ಮೇಷ್ಟ್ರು ಒಂದು ಮಧ್ಯಾಹ್ನ ಪಾಠ ನಿಲ್ಲಿಸಿ ಹೇಳಿದರು. ವಿಶ್ವವಿದ್ಯಾಲಯದವರು ಸುತ್ತಲಿನ ಕಾಲೇಜುಗಳನ್ನೆಲ್ಲ ಸೇರಿಸಿ ಚಿಕ್ಕಬಳ್ಳಾಪುರದಲ್ಲಿ ಉತ್ಸವ ಮಾಡುತ್ತಾರೆ, ವಿಷಯ ಸಾಮಾಜಿಕ ನ್ಯಾಯ, ಹಾಡು ಕುಣಿತ ನಾಟಕ ಏನು ಬೇಕಾದರೂ ಆಗಬಹುದು.

"ಸಿನಿಮಾ ಡ್ಯಾನ್ಸು ಮಾತ್ರ ಬೇಡ," ಅಂದರು. "ನಮ್ಮ ಕಾಲೇಜಿನ ವರಾಂಡದಲ್ಲಿ ನಿಂತರೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳ್ತವೆ. ಸ್ಟೇಜ್ ಹತ್ತಿದ ಕೂಡಲೇ ಒಂದೇ ಆಗೋಗುತ್ತೆ. ಈ ಸಲ ಮೂರೂ ಹತ್ತಲಿ."

ಅವರು ಮಾತು ಮುಗಿಸುವ ಮೊದಲೇ ನನ್ನ ಕೈ ಮೇಲಿತ್ತು. ನಮ್ಮೂರಿನ ಬೋರಿಂಗಿನ ಕಥೆ ಹೇಳಿದೆ. ಕೈಯಿಂದ ಒತ್ತಿ ನೀರೆತ್ತುವ ಆ ಪಂಪು ಅರಳಿಕಟ್ಟೆಯ ಮುಂದಿತ್ತು. ಕಾಲೋನಿಯ ಹೆಂಗಸರು ಅದರ ಹಿಡಿ ಮುಟ್ಟುವಂತಿರಲಿಲ್ಲ. ಊರಿನವರು ಯಾರಾದರೂ ಬಂದು ಒತ್ತಿಕೊಡುವ ತನಕ ಬಿಂದಿಗೆ ಇಟ್ಟುಕೊಂಡು ದೂರ ನಿಂತಿರಬೇಕು. ಇದನ್ನೇ ನಾಟಕ ಮಾಡಣ ಸಾರ್, ಕೊನೇಲಿ ತಹಸೀಲ್ದಾರ್ ಬಂದು ವಿಚಾರಣೆ ಮಾಡಲಿ ಅಂದೆ. ಮೇಷ್ಟ್ರ ಮುಖ ಅರಳಿತು.

ಮಾರನೆಯ ದಿನ ಪಾತ್ರ ಹಂಚುವಾಗ ಮೇಷ್ಟ್ರು ನಮ್ಮೂರಿನವನನ್ನು ಕರೆಸಿದರು. "ನಿನಗೆ ತಮಟೆ ಬರುತ್ತೆ ಅಂತ ಗೊತ್ತಾಯ್ತಪ್ಪ. ನಾಟಕ ಪೂರ್ತಿ ತಮಟೆ ಮೇಲೇ ಕಟ್ಟಣ ಅಂತಿದೀನಿ."

ಹೇಳಿದವಳು ನಾನೇ ಎಂದು ಅವನಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಒಮ್ಮೆ ನನ್ನ ಕಡೆ ನೋಡಿದ.

"ಬರುತ್ತೆ ಸರ್. ಬಾರಿಸಲ್ಲ."

"ಯಾಕಪ್ಪ? ಅದು ಕಲೆ. ನಾಚಿಕೆ ಪಡೋ ವಿಷಯ ಅಲ್ಲ."

"ನಾಚಿಕೆ ಅಲ್ಲ ಸರ್. ನಮ್ಮಪ್ಪಂಗೆ ಜ್ವರ ಇದ್ರೂ ಕರೆ ಬಂದ್ರೆ ಹೋಗ್ಬೇಕು. ನಾನು ಕಾಲೇಜಿಗೆ ಬಂದಿರೋದೇ ಆ ಕರೆ ನನಗೆ ಬರಬಾರದು ಅಂತ. ಇಲ್ಲಿಗೂ ಅದು ಹಿಂದೇನೇ ಬಂದ್ರೆ ಹೆಂಗೆ?" ಸ್ವಲ್ಪ ತಡೆದು ಹೇಳಿದ, "ನಾಟಕದಲ್ಲಿ ತಹಸೀಲ್ದಾರ್ ಇದಾರಲ್ಲ, ಆ ಪಾರ್ಟ್ ಕೊಡಿ. ಮಾಡ್ತೀನಿ."

ಮೇಷ್ಟ್ರು ಒಳ್ಳೆಯವರು. ಬೋರ್ಡಿನ ಕಡೆ ತಿರುಗಿ, ಬರೆದಿದ್ದ ತಮಟೆ ಎಂಬ ಮಾತನ್ನು ಅಳಿಸಿದರು. ಆಮೇಲೆ ಸರಿ ಅಂದರು. ನನಗೆ ಮಾತ್ರ ಸಮಾಧಾನವಿಲ್ಲ. ತಮಟೆಯಿಲ್ಲದೆ ನಾಟಕಕ್ಕೆ ಕಳೆ ಎಲ್ಲಿಂದ ಬರುತ್ತದೆ ಎಂದು ಎರಡು ದಿನ ಎಲ್ಲರ ತಲೆ ತಿಂದೆ.

ಕಳೆ ಬಂದದ್ದು ಬೇರೆ ಕಡೆಯಿಂದ. ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಮನೆಯವರದು ಪೇಟೆಯಲ್ಲಿ ಬಳೆ ಅಂಗಡಿ. ಮನೆಮಾತು ಉರ್ದು. ಅವಳ ಕಂಠ ಕೇಳಿದವರು ನಿಂತುಬಿಡುತ್ತಿದ್ದರು, ಆದರೆ ಕೇಳಿದ್ದವರು ನಾವು ಮೂರು ನಾಲ್ಕು ಹುಡುಗಿಯರು ಮಾತ್ರ. ಅವಳನ್ನು ಬಿಡದೆ ಎಳೆದುಕೊಂಡು ಅವರ ಮನೆಗೇ ಹೋದೆ. ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಅವಳ ತಂದೆ ಚಹಾ ಕೊಡಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಕಾಲೇಜಲ್ಲಿ ಹಾಡ್ಲಿ ಬಿಡಮ್ಮ. ಚಿಕ್ಕಬಳ್ಳಾಪುರಕ್ಕೆ ಹುಡುಗೀನ ಯಾರು ಕರ್ಕೊಂಡು ಹೋಗ್ತಾರೆ? ನನಗೆ ಅಂಗಡಿ ಐತೆ."

ಆಗ ಒಳಗಿನ ಬಾಗಿಲಿನ ಪರದೆ ಸರಿಸಿ ಅವಳ ಫುಪ್ಪು, ಎಂದರೆ ಸೋದರತ್ತೆ, ಹೊರಗೆ ಬಂದರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದರು. ಸುತ್ತಲಿನ ಮದುವೆ ಮನೆಗಳಲ್ಲಿ ಹೆಂಗಸರ ಹಾಡು ಎಂದರೆ ಇವರೇ.

"ಮೈ ಜಾತೀ ಹೂಂ ನಾ! ನಾನು ಹೋಗ್ತೀನಿ ಇವಳ ಜೊತೆ. ಮನೇಲಿ ಕೂತು ಕೂತು ಮಂಡಿ ಹಿಡ್ಕೊಂಡೈತೆ."

ಮರುದಿನ ಸಂಜೆಯಿಂದ ಫುಪ್ಪು ಬುರ್ಖಾ ಹಾಕಿಕೊಂಡು, ಕೈಯಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ರಿಹರ್ಸಲ್‌ಗೆ ಬರತೊಡಗಿದರು. ಮೊದಲ ದಿನ ಕಿಟಕಿಯ ಪಕ್ಕ ಕೂತು ನೋಡಿದರು. ಎರಡನೇ ದಿನ ನಮ್ಮ ತಾಳ ಸರಿಯಿಲ್ಲ ಎಂದು ಡೆಸ್ಕಿನ ಮೇಲೆ ಬಡಿದು ತೋರಿಸಿದರು. ಮೂರನೇ ದಿನ ಡೋಲಕ್ ಬಂತು. ಬೋರಿಂಗಿನ ಮುಂದೆ ಹೆಂಗಸರು ಕಾಯುವ ದೃಶ್ಯಕ್ಕೆ ನಮ್ಮಜ್ಜಿಯ ತೆಲುಗು ನಾಟಿ ಹಾಡು, ಊರಿನ ಮದುವೆಗೆ ನೀರು ಸಾಲದೆ ಹೋಗುವ ದೃಶ್ಯಕ್ಕೆ ಫುಪ್ಪುವಿನ ಮದುವೆ ಹಾಡು, ವಿಚಾರಣೆಗೆ ಕನ್ನಡ. ಗೆಳತಿ ಹಾಡುತ್ತಿದ್ದಳು, ಫುಪ್ಪು ಬಾರಿಸುತ್ತಿದ್ದರು. ಗಣಿತದ ಮೇಷ್ಟ್ರಿಂದ ಕೇಳಿ ತಂದ ಕೋಟು ತೊಟ್ಟು ನಮ್ಮೂರಿನವನು ಬಂದು ಕುರ್ಚಿಯ ಮೇಲೆ ಕೂತ. ಕೂರುವ ಮೊದಲು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿದ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಹಸೀಲ್ದಾರ್ ಅಂದರೆ ಹೀಗೇ ಇರುತ್ತಾರೆ ಅನ್ನಿಸಿತು.

ಚಿಕ್ಕಬಳ್ಳಾಪುರದಲ್ಲಿ ಕಾಲೇಜಿನ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಗೌರಿಬಿದನೂರಿನವರು ಕೋಲಾಟ ತಂದಿದ್ದರು, ಶಿಡ್ಲಘಟ್ಟದವರು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಕೆಲಸದವರ ಮೇಲೆ ಹಾಡು ಕಟ್ಟಿದ್ದರು. ಒಂದು ತಂಡ ತಮಟೆಯನ್ನೇ ತಂದಿತ್ತು. ನಾಲ್ಕು ಜನ ಹುಡುಗರು ಕುಣಿಯುತ್ತಾ ಬಾರಿಸಿದಾಗ ಕೂತವರೆಲ್ಲ ಎದ್ದು ನಿಂತರು, ನಾನೂ ನಿಂತೆ. ನಮ್ಮೂರಿನವನು ಮಾತ್ರ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಪರದೆಯ ಹಿಂದೆ ನಿಂತಿದ್ದ.

ನಮ್ಮ ನಾಟಕ ಚೆನ್ನಾಗಿಯೇ ಆಯಿತು. ಮುಗಿದ ಮೇಲೆ ತೀರ್ಪುಗಾರರು ಮೈಕಿನಲ್ಲಿ ಎರಡು ಮಾತು ಹೇಳುವ ಪದ್ಧತಿಯಿತ್ತು. ದೊಡ್ಡ ಊರಿನಿಂದ ಬಂದಿದ್ದ, ಖಾದಿ ಜುಬ್ಬದ ಹಿರಿಯರೊಬ್ಬರು ಎದ್ದರು. ಹಾಡು ಹೊಗಳಿದರು, ಮೂರು ಭಾಷೆಯ ಯೋಚನೆ ಹೊಗಳಿದರು. "ಆದರೆ ಒಂದು ಕೊರತೆ," ಅಂದರು. "ದಲಿತರ ಕಥೆ ಹೇಳುತ್ತೀರಿ, ಒಂದು ತಮಟೆ ಇಲ್ಲವಲ್ಲ! ಮಣ್ಣಿನ ವಾಸನೆಯೇ ಬರಲಿಲ್ಲ. ಸೂಟು ಬೂಟಿನ ತಹಸೀಲ್ದಾರನ ಬದಲು ಒಬ್ಬ ತಮಟೆಯವನಿದ್ದಿದ್ದರೆ..."

ನಮ್ಮೂರಿನವನು ಇನ್ನೂ ವೇದಿಕೆಯ ಮೇಲೇ ಇದ್ದ. ಮುಂದೆ ಬಂದ. ಮೈಕಿರಲಿಲ್ಲ, ಆದರೂ ಕೊನೆಯ ಸಾಲಿಗೆ ಕೇಳಿಸಿತು.

"ಸರ್, ನಮ್ಮೂರಲ್ಲಿ ಯಾರಾದರೂ ಸತ್ತರೆ ತಮಟೆ ಬಾರಿಸೋರು ನಮ್ಮಪ್ಪ. ವಾಸನೆ ಬೇಕಾದರೆ ಅಲ್ಲಿಗೆ ಬನ್ನಿ. ಇಪ್ಪತ್ತು ವರ್ಷ ಆ ಪಾರ್ಟ್ ನೋಡಿದೀನಿ. ಇವತ್ತು ಒಂದು ದಿನ ತಹಸೀಲ್ದಾರ್ ಪಾರ್ಟ್ ಮಾಡಿದೆ. ಅದೇ ಕೊರತೆ ಆಯ್ತಾ?"

ಶಾಮಿಯಾನದ ಹಿಂದಿನ ಸಾಲುಗಳಲ್ಲಿದ್ದ ಹಾಸ್ಟೆಲ್ ಹುಡುಗರು ಚಪ್ಪಾಳೆ ತಟ್ಟಲು ಶುರುಮಾಡಿದರು. ಜುಬ್ಬದ ಹಿರಿಯರು ನಗಲು ನೋಡಿದರು, ಆಗದೆ ಕೂತರು.

ಊಟದ ಸಾಲಿನಲ್ಲಿ ತಮಟೆ ತಂಡದ ಹುಡುಗನೊಬ್ಬ ಅವನನ್ನು ಹುಡುಕಿಕೊಂಡು ಬಂದ. ಹೊಗಳಲು ಬಂದಿರಬೇಕು ಅಂದುಕೊಂಡೆ. ಅವನು ಜಗಳಕ್ಕೇ ನಿಂತ.

"ಅಣ್ಣ, ನೀನು ಹೇಳಿದ್ದು ನಮಗೆ ಸರಿ ಕಾಣಲಿಲ್ಲ. ತಮಟೆ ನಮ್ಮದು. ಅವರ ಸಾವಿಗೆ ಬಾರ್ಸದು ಬಿಡಣ, ನಮ್ಮ ಮೆರವಣಿಗೇಲಿ ಬಾರ್ಸಣ. ಬಿಸಾಕ್ಬಿಟ್ರೆ ಅವರಿಗೇ ಗೆಲುವು."

"ನೀನು ಬಾರ್ಸಪ್ಪ, ಬೇಡ ಅಂದೋರು ಯಾರು? ನನ್ನ ಕೈಗೆ ಯಾಕೆ ಕೊಡ್ತಾರೆ ಅಂತ ಕೇಳ್ದೆ ಅಷ್ಟೆ."

ತಟ್ಟೆ ಹಿಡಿದುಕೊಂಡೇ ಇಬ್ಬರೂ ವಾದಿಸಿದರು. ಅನ್ನ ತಣ್ಣಗಾಯಿತು. ಇವನು ಹೇಳಿದರೆ ಇವನದೇ ಸರಿ ಅನ್ನಿಸುತ್ತಿತ್ತು, ಅವನು ಹೇಳಿದರೆ ಅವನದು. ಅದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಬಹುಮಾನ ನಮಗೆ ಬರಲಿಲ್ಲ. ಬಸ್ಸಿನಲ್ಲಿ ಫುಪ್ಪು ದಾರಿಯುದ್ದಕ್ಕೂ ಆ ಹಿರಿಯರನ್ನು ಉರ್ದುವಿನಲ್ಲಿ ಬೈದರು. ನಂದಿಬೆಟ್ಟ ಹಿಂದೆ ಬಿದ್ದರೂ ಬೈಗುಳ ಮುಗಿಯಲಿಲ್ಲ. ಅರ್ಥ ಹೇಳು ಎಂದರೆ ಗೆಳತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಎನ್‌ಎಸ್‌ಎಸ್ ಶಿಬಿರದಲ್ಲಿ ನಾಟಕವನ್ನು ಹಳ್ಳಿಗಳಿಗೆ ಒಯ್ಯೋಣ ಅಂದರು ಮೇಷ್ಟ್ರು. "ನಮ್ಮೂರಿಗೆ ಬನ್ನಿ ಸಾರ್" ಎಂದು ನಾನು ಎದ್ದು ನಿಂತೆ.

ಕ್ಲಾಸು ಬಿಟ್ಟ ಮೇಲೆ ನಮ್ಮೂರಿನವನು ಮೆಟ್ಟಿಲ ಬಳಿ ನನ್ನನ್ನು ತಡೆದ. ಅವನು ತಾನಾಗಿ ನನ್ನನ್ನು ಮಾತಾಡಿಸಿದ್ದು ಅದೇ ಮೊದಲು.

"ನಿಮಗೆ ಸುಮ್ಮನಿರಕ್ಕೆ ಬರಲ್ವಾ? ನಾಟಕ ಆದ್ಮೇಲೆ ನೀವು ಮನೆಗೆ ಹೋಗಿ ಊಟ ಮಾಡ್ತೀರಿ. ನಮ್ಮಪ್ಪ ನಮ್ಮಮ್ಮ ಬೆಳಗ್ಗೆ ಎದ್ದು ನಿಮ್ಮ ದೊಡ್ಡಪ್ಪನ ತೋಟಕ್ಕೆ ಕೂಲಿಗೆ ಹೋಗ್ಬೇಕು. ಅದನ್ನ ಯೋಚ್ನೆ ಮಾಡಿದ್ರಾ?"

ಮಾಡಿರಲಿಲ್ಲ. ಮೇಷ್ಟ್ರಿಗೆ ಹೇಳಿ ಬೇಡ ಅನ್ನಿಸುತ್ತೇನೆ ಅಂದೆ. ಅವನು ಮೆಟ್ಟಿಲಿಳಿದು ಹೋದ. ಆ ಶನಿವಾರ ಊರಿಗೆ ಹೋಗಿ ಸೋಮವಾರ ಬಂದವನು ಬಸ್ ಇಳಿಯುತ್ತಲೇ ಹೇಳಿದ, "ಮಾಡಣ ಬಿಡಿ. ಚಿಕ್ಕಬಳ್ಳಾಪುರದಲ್ಲಿ ಏನು ಪಾರ್ಟು ಅಂತ ಅಮ್ಮ ಕೇಳಿದ್ಳು, ಹೇಳ್ದೆ. ನಾನು ಕುರ್ಚಿ ಮೇಲೆ ಕೂರೋದನ್ನ ನೋಡ್ಬೇಕಂತೆ."

ಒಂದು ಭಾನುವಾರ ಇಳಿಹೊತ್ತಿನಲ್ಲಿ ಅರಳಿಕಟ್ಟೆಯ ಮುಂದೆ, ನಿಜವಾದ ಬೋರಿಂಗಿನ ಪಕ್ಕದಲ್ಲೇ ನಾಟಕ ನಡೆಯಿತು. ಪ್ರೈಮರಿ ಸ್ಕೂಲಿನಿಂದ ಹೆಡ್‌ಮೇಷ್ಟ್ರ ಕುರ್ಚಿ ತಂದೆವು. ಊರಿನವರು ಕಟ್ಟೆಯ ಮೇಲೂ ಜಗಲಿಗಳ ಮೇಲೂ ಕೂತರು. ಕಾಲೋನಿಯವರು ಹೊಂಗೆ ಮರದ ಆಚೆ ನಿಂತರು. ಅವನ ಅಪ್ಪ ಎಲ್ಲರ ಹಿಂದೆ, ಟವೆಲ್ಲನ್ನು ಕಂಕುಳಲ್ಲಿ ಇರುಕಿಕೊಂಡು. ನಾಟಿ ಹಾಡಿಗೆ ನಮ್ಮಜ್ಜಿ ಕೂತಲ್ಲೇ ದನಿಗೂಡಿಸಿದಳು. ಎಲ್ಲ ಸರಾಗ. ಆಮೇಲೆ ಕೋಟು ತೊಟ್ಟ ತಹಸೀಲ್ದಾರ್ ಬಂದು, ಕುರ್ಚಿ ಒರೆಸಿ, ಕಾಲ ಮೇಲೆ ಕಾಲು ಹಾಕಿ ಕೂತ.

ಗುಸುಗುಸು ಎದ್ದಿತು. ನನ್ನ ದೊಡ್ಡಪ್ಪ ಕಟ್ಟೆಯಿಂದ ಕೂಗಿದರು, "ಏಯ್, ನಾಟಕ ಎಲ್ಲ ಸರಿ. ಕುರ್ಚಿ ಬಿಟ್ಟು ಎದ್ದು ನಿಂತು ಹೇಳಲೇ. ಹಿರೀಕರು ಕೂತಿರೋದು ಕಾಣಲ್ವಾ?"

ಫುಪ್ಪುವಿನ ಕೈ ಡೋಲಕ್ ಮೇಲೆ ನಿಂತಿತು. ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ಉಳಿದರು. ಅವನು ಏಳಲಿಲ್ಲ. ಕೈಯಲ್ಲಿದ್ದ ಫೈಲಿನ ಹಾಳೆ ತಿರುವಿದ. ತಲೆಯೆತ್ತದೆ, ತಹಸೀಲ್ದಾರರ ದನಿಯಲ್ಲೇ ಹೇಳಿದ:

"ಅರ್ಜಿ ಇದ್ದರೆ ಬರೆದು ತನ್ನಿ. ಸರದಿ ಬಂದಾಗ ನೋಡ್ತೀನಿ. ಮುಂದಿನವರು ಯಾರು?"

ಮೊದಲು ನಕ್ಕದ್ದು ಹೆಂಗಸರು, ಅವರಲ್ಲೂ ನಮ್ಮಜ್ಜಿ. ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದ ಗಂಡಸರಿಗೂ ನಗು ತಡೆಯಲಾಗಲಿಲ್ಲ. ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಅವರ ಹಿಂದೆ ಇನ್ನು ಕೆಲವರು ಹೋದರು. ನಮ್ಮಪ್ಪ ಕೂತಲ್ಲೇ ಇದ್ದರು, ಆದರೆ ಮುಖ ಬೇರೆ ಕಡೆ ಇತ್ತು. ಉಳಿದ ಭಾಗವನ್ನು ಹೇಗೋ ಓಡಿಸಿ ಮುಗಿಸಿದೆವು. ನೋಡಿದರೆ ಹೊಂಗೆ ಮರದ ಹಿಂದೆ ಅವನ ಅಪ್ಪ ಇರಲಿಲ್ಲ. ಯಾವಾಗ ಹೋದನೋ. ಅಮ್ಮ ಮಾತ್ರ ನಿಂತಿದ್ದಳು.

ಜನ ಏಳುತ್ತಿರುವಾಗ ಫುಪ್ಪು ಸೆಖೆ ಸೆಖೆ ಎನ್ನುತ್ತಾ ನೇರ ಬೋರಿಂಗಿನ ಹತ್ತಿರ ಹೋದರು. ನಾಟಕ ಮುಗಿಯಿತು, ಈಗ ಬಾಯಾರಿಕೆ, ಅವರಿಗೆ ಅಷ್ಟೆ. ಬಗ್ಗಿ ಬೊಗಸೆ ಒಡ್ಡಿ, ಹತ್ತಿರದಲ್ಲಿ ಕಂಡ ಹೆಂಗಸಿಗೆ ಹೇಳಿದರು, "ಸ್ವಲ್ಪ ಒತ್ತಮ್ಮಾ, ಗಂಟಲು ಒಣಗೈತೆ."

ಆ ಹೆಂಗಸು ಅವನ ಅಮ್ಮ, ಮಗನನ್ನು ನೋಡಲು ಹೊಂಗೆ ಮರ ದಾಟಿ ಮುಂದೆ ಬಂದಿದ್ದಳು. ಅವಳು ಸುತ್ತ ನೋಡಿದಳು. ಸುತ್ತ ಇದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಪೇಟೆಯಿಂದ ಬಂದ ಈ ಮುಸಲ್ಮಾನರ ಹೆಂಗಸಿಗೆ ಊರಿನ ಯಾವ ಕಟ್ಟಳೆ ಅನ್ವಯಿಸುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

"ಒತ್ತಮ್ಮಾ, ಸೊಂಟ ನೋಯ್ತೈತೆ!" ಎಂದರು ಫುಪ್ಪು ಬಗ್ಗಿಕೊಂಡೇ.

ಅವಳು ಹಿಡಿಗೆ ಕೈ ಹಾಕಿದಳು. ಅಭ್ಯಾಸವಿಲ್ಲದೆ ಮೊದಲು ಅರ್ಧಕ್ಕೇ ಬಿಟ್ಟಳು, ಆಮೇಲೆ ಮೈಭಾರ ಹಾಕಿ ಒತ್ತಿದಳು. ನೀರು ಬಂತು. ಫುಪ್ಪು ಹೊಟ್ಟೆ ತುಂಬ ಕುಡಿದು, ಮುಖಕ್ಕೂ ಎರಚಿಕೊಂಡು, "ಅಲ್ಲಾ ನಿನ್ನ ಚೆನ್ನಾಗಿಟ್ಟಿರ್ಲಿ" ಅಂದರು. ಇಷ್ಟೇ ನಡೆದದ್ದು. ಅವಳು ಹಿಡಿ ಬಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ಬೇಗ ಬೇಗ ಕಾಲೋನಿಯ ಕಡೆ ನಡೆದಳು. ಕೋಟು ತೆಗೆದು ಕೈಯಲ್ಲಿ ಹಿಡಿದಿದ್ದ ಮಗ ಅವಳ ಬೆನ್ನನ್ನೇ ನೋಡುತ್ತಿದ್ದ.

ಮನೆಯಲ್ಲಿ ಅಪ್ಪ ಒಂದೇ ಮಾತು ಆಡಿದರು. "ನಿನ್ನ ಕಾಲೇಜು ಕಾಲೇಜಲ್ಲೇ ಇರ್ಲಮ್ಮ." ಆಮೇಲೆ ಬಹಳ ದಿನ ನನ್ನ ಜೊತೆ ಮಾತು ಕಡಿಮೆಯಾಯಿತು. ಅವನು ಹೆದರಿದಂತೆಯೇ ದೊಡ್ಡಪ್ಪ ಅವನ ಅಪ್ಪ ಅಮ್ಮನನ್ನು ತೋಟದ ಕೂಲಿಗೆ ಕರೆಯುವುದನ್ನು ನಿಲ್ಲಿಸಿದರು. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅವರ ಮನೆಗೆ ಹೋಗಬೇಕು, ಏನಾದರೂ ಮಾಡಬೇಕು ಎಂದು ಚಡಪಡಿಸುತ್ತಿದ್ದೆ. ಹೋದರೆ ಇನ್ನೇನು ತೊಂದರೆ ತಂದಿಡುತ್ತೇನೋ ಎಂದು ಬಾಗಿಲ ತನಕ ಬಂದು ಹಿಂದಿರುಗುತ್ತಿದ್ದೆ. ನಮ್ಮ ಹುಳು ನಾಲ್ಕನೇ ಜ್ವರ, ಎಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಹಗಲಿರುಳು ಸೊಪ್ಪು ಬೇಡತೊಡಗಿದಾಗ ಆಳು ಸಿಗದೆ ಅಪ್ಪನೇ ಅವರಿಬ್ಬರಿಗೂ ಹೇಳಿಕಳಿಸಿದರು. ಅದನ್ನು ನ್ಯಾಯ ಎನ್ನಲಾರೆ. ಕೈಗಳು ಬೇಕಿತ್ತು, ಕರೆದರು. ಆದರೂ ದೊಡ್ಡಪ್ಪ ಒಂದು ವರ್ಷ ನಮ್ಮ ಮನೆ ಹೊಸಿಲು ತುಳಿಯಲಿಲ್ಲ.

ಬೋರಿಂಗಿನ ಕಥೆ ಹೀಗಾಯಿತು: ಮುಂದಿನ ಬೇಸಿಗೆಗೆ ಕಾಲೋನಿಯಲ್ಲೇ ಇನ್ನೊಂದು ಪಂಪು ಕೊರೆಸಿದರು. ಸಮಸ್ಯೆ ಬಗೆಹರಿಯಿತು ಎಂದರು ಎಲ್ಲರೂ. ಮೇಷ್ಟ್ರೂ ಸಂತೋಷಪಟ್ಟರು. ಕಾಲೋನಿಯ ಹೆಂಗಸರಿಗೆ ಕಾಯುವುದು ತಪ್ಪಿತು, ಅದು ಸಣ್ಣ ಮಾತಲ್ಲ. ಆದರೆ ಅರಳಿಕಟ್ಟೆಯ ಪಂಪಿನ ಹಿಡಿಯನ್ನು ಅವರು ಮುಟ್ಟಬಹುದೇ ಎಂದು ಆಮೇಲೆ ಯಾರೂ ಕೇಳಲಿಲ್ಲ. ಕೇಳಬೇಕಾದ ಅಗತ್ಯವೇ ಇಲ್ಲದಂತೆ ಮಾಡಿಬಿಟ್ಟಿದ್ದರು.

ಗೆಳತಿ ಡಿಗ್ರಿ ಮುಗಿಸಿ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಹೋದಳು, ರೇಷ್ಮೆ ವ್ಯಾಪಾರದ ಮನೆ. ಅವಳ ಮದುವೆಯಲ್ಲಿ ಫುಪ್ಪು ಮುಂಜಾವಿನ ತನಕ ಡೋಲಕ್ ಬಾರಿಸಿದರು. ಎರಡು ವರ್ಷದ ಮೇಲೆ ಮಂಡಿನೋವು ಹೆಚ್ಚಾಗಿ ಹಾಸಿಗೆ ಹಿಡಿದರು. ನೋಡಲು ಹೋದಾಗ ನನ್ನ ಕೈ ಹಿಡಿದು, "ನೀನು ಬಂದು ಹೊರಗೆ ಎಳ್ದೆ ಅಂತ ಒಂದು ಸಲ ಊರು ನೋಡ್ದೆ ಕಣಮ್ಮ" ಅಂದರು.

ತೊಂಬತ್ತರ ದಶಕದಲ್ಲಿ ನಾನು ಗೌರಿಬಿದನೂರಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ನಮ್ಮೂರಿನವನು ಪರೀಕ್ಷೆ ಬರೆದು ಸರ್ಕಾರಿ ಕೆಲಸಕ್ಕೆ ಸೇರಿ, ಅದೇ ಊರಿನ ಕಚೇರಿಯೊಂದಕ್ಕೆ ವರ್ಗವಾಗಿ ಬಂದಿದ್ದ. ಒಂದು ಏಪ್ರಿಲ್‌ನಲ್ಲಿ, ಕಾಲೇಜಿನವರು ಹದಿನಾಲ್ಕನೇ ತಾರೀಖಿನ ಜಯಂತಿಗೆ ಇಟ್ಟುಕೊಂಡಿದ್ದ ಸಾಮಾಜಿಕ ನ್ಯಾಯ ಕಾರ್ಯಕ್ರಮಕ್ಕೆ ಅತಿಥಿಯಾಗಿ ಕರೆಯಲು ಹೋದೆ. ಎದ್ದು ನಿಂತು ಬರಮಾಡಿಕೊಂಡು ಕುರ್ಚಿ ತೋರಿಸಿದರು. ಅಷ್ಟರಲ್ಲಿ ನನ್ನ ಬಾಯಲ್ಲೂ ಬಹುವಚನ ಬಂದಿತ್ತು. ಅವರ ಅಪ್ಪ ತಮಟೆ ಬಿಟ್ಟಿರುವುದನ್ನು, ಅಪ್ಪ ಅಮ್ಮ ಇಬ್ಬರೂ ಈಗ ತಮ್ಮ ಜೊತೆಗೇ ಇರುವುದನ್ನು ಹೇಳಿದರು. ನಾನು ಬಂದ ಕೆಲಸ ಹೇಳಿದೆ.

"ಏಪ್ರಿಲ್ ತಿಂಗಳಲ್ಲಿ ಎಲ್ಲರೂ ಕರೀತಾರೆ," ಅಂದರು. ನಗುತ್ತಲೇ ಅಂದರು. "ಭಾಷಣ ಮಾಡು, ಕಷ್ಟ ಹೇಳ್ಕೋ ಅಂತಾರೆ. ಬೇರೆ ತಿಂಗಳಲ್ಲಿ, ಬೇರೆ ಕೆಲಸಕ್ಕೆ ಕರೀರಿ, ಬರ್ತೀನಿ."

ನಾನು ಹಿಂದಿರುಗಿದೆ. ದಾರಿಯುದ್ದಕ್ಕೂ ಸಿಟ್ಟೂ ಬಂತು, ನಗುವೂ ಬಂತು. ಮಳೆಗಾಲದಲ್ಲಿ ಕಾಲೇಜಿನ ಇಂಗ್ಲಿಷ್ ಚರ್ಚಾಸ್ಪರ್ಧೆಗೆ ತೀರ್ಪುಗಾರರಾಗಿ ಅವರನ್ನು ಕರೆದೆವು. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ಹುಡುಗರ ವ್ಯಾಕರಣದ ತಪ್ಪನ್ನು ಒಂದೊಂದಾಗಿ ಎತ್ತಿ ಹೇಳಿದರು, ಯಾರಿಗೂ ಮೊದಲ ಬಹುಮಾನ ಕೊಡಲು ಒಪ್ಪಲಿಲ್ಲ. ಹುಡುಗರು ಮುಖ ಊದಿಸಿಕೊಂಡು ಹೊರಗೆ ಹೋದರು. ಪ್ರಿನ್ಸಿಪಾಲರು ನನ್ನ ಹತ್ತಿರ ಬಂದು, "ಬಹಳ ಸ್ಟ್ರಿಕ್ಟ್ ಕಣಮ್ಮ ಇವರು, ಎಲ್ಲಿ ಹಿಡಿದಿರಿ?" ಎಂದು ಕೇಳಿದರು.

"ನಮ್ಮೂರಿನವರು ಸಾರ್," ಅಂದೆ.